ಡಿಸ್ಕ್ ಫರ್ಮ್‌ವೇರ್: ಯಾವಾಗ ಮುಟ್ಟಬೇಕು, ಯಾವಾಗ ಬಿಡಬೇಕು

2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್ ಗ್ರಾಹಕರಿಗೆ ಒಂದು ಸೂಚನೆ ಹೊರಡಿಸಿತು. ಕಂಪನಿ ಮಾರಿದ ಕೆಲವು ಮಾದರಿಯ ಎಸ್‌ಎಸ್‌ಡಿಗಳು (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡಿಸ್ಕ್‌ಗಳು) ಸರಿಯಾಗಿ 32,768 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ, ಡ್ರೈವೂ ಹೋಗುತ್ತದೆ, ಡೇಟಾವೂ ವಾಪಸ್ ಬರುವುದಿಲ್ಲ ಅಂತ. ಲೆಕ್ಕ ಹಾಕಿದರೆ 3 ವರ್ಷ, 270 ದಿನ, 8 ಗಂಟೆ. ಅಷ್ಟರೊಳಗೆ ಎಚ್‌ಪಿಡಿ8 ಎಂಬ ಹೊಸ ಫರ್ಮ್‌ವೇರ್, ಅಂದರೆ ಡಿಸ್ಕನ್ನು ಒಳಗಿನಿಂದ ನಡೆಸುವ ಪ್ರೋಗ್ರಾಮ್, ಹಾಕಿಕೊಂಡವರು ಬಚಾವ್.

ಪ್ರೋಗ್ರಾಮ್ ಬರೆಯುವವರಿಗೆ ಆ ಸಂಖ್ಯೆ ನೋಡಿದ ಕೂಡಲೇ ಹೊಳೆದಿರುತ್ತದೆ. ಡ್ರೈವ್ ತಾನು ಓಡಿದ ಗಂಟೆಗಳನ್ನು ಎಣಿಸಿಡುತ್ತದೆ. ಪ್ಲಸ್, ಮೈನಸ್ ಎರಡನ್ನೂ ಹಿಡಿಯುವ 16 ಬಿಟ್‌ನ ಜಾಗದಲ್ಲಿ 32,767ರವರೆಗೆ ಮಾತ್ರ ಎಣಿಸಬಹುದು. ಇನ್ನೊಂದು ಸೇರಿಸಿದರೆ ಎಣಿಕೆ ಮೈನಸ್‌ಗೆ ಉರುಳುತ್ತದೆ. ಚಿಪ್ ಸವೆದಿಲ್ಲ, ಬಿಸಿಯಾಗಿಲ್ಲ, ಯಾರೂ ಕೆಳಗೆ ಬೀಳಿಸಿಲ್ಲ. ಕೋಡ್‌ನಲ್ಲಿದ್ದ ತಪ್ಪು ಅಷ್ಟೆ.

ಆದರೆ ನನಗೆ ಇದರಲ್ಲಿ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ವಿಷಯ. ಸರ್ವರ್‌ಗಳಲ್ಲಿ ಡಿಸ್ಕ್‌ಗಳನ್ನು ರೇಡ್ ಮಾಡಿ, ಅಂದರೆ ಒಂದು ಗುಂಪಾಗಿ ಜೋಡಿಸಿ ಇಟ್ಟಿರುತ್ತೇವೆ. ಒಂದು ಹೋದರೆ ಉಳಿದವು ಕಾಪಾಡುತ್ತವೆ ಎಂಬ ಧೈರ್ಯ. ಆ ಧೈರ್ಯ ನಿಂತಿರುವುದು ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಕೆಡುವುದಿಲ್ಲ ಎಂಬ ಲೆಕ್ಕದ ಮೇಲೆ. ಈಗ ನೋಡಿ, ಒಂದೇ ಬಿಲ್ಲಿನಲ್ಲಿ ಬಂದ ಡಿಸ್ಕ್‌ಗಳು. ಒಂದೇ ದಿನ ಹಾಕಿದ್ದು, ಒಂದೇ ಸ್ವಿಚ್‌ನಲ್ಲಿ ಆನ್ ಆಗಿದ್ದು. ಅವುಗಳ ಗಂಟೆ ಎಣಿಕೆಯೂ ಒಂದೇ ಅಲ್ವಾ? ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಗಂಟೆ ಎಣಿಕೆಯ ತೊಂದರೆ ದೊಡ್ಡ ಸರ್ವರ್‌ಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಮನೆ ಕಂಪ್ಯೂಟರ್‌ಗಳಲ್ಲಿ ಜನಪ್ರಿಯವಾಗಿದ್ದ ಕ್ರೂಶಿಯಲ್ ಎಂ4 ಎಸ್‌ಎಸ್‌ಡಿ 5,184 ಗಂಟೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸುಮಾರು ಒಂದು ಗಂಟೆ ಕೆಲಸ, ಮತ್ತೆ ಅದೇ ಗೋಳು. 2012ರ ಜನವರಿಯಲ್ಲಿ 0309 ಎಂಬ ಫರ್ಮ್‌ವೇರ್ ಬಂದ ಮೇಲೆ ಸರಿಹೋಯಿತು.

ಹಾರ್ಡ್ ಡಿಸ್ಕ್ ಆಗಲಿ ಎಸ್‌ಎಸ್‌ಡಿ ಆಗಲಿ, ಅದರೊಳಗೇ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದನ್ನು ನಡೆಸುವ ಪ್ರೋಗ್ರಾಮೇ ಫರ್ಮ್‌ವೇರ್. ನಿಮ್ಮ ಫೈಲ್ ಯಾವ ಜಾಗದಲ್ಲಿದೆ, ಯಾವ ಸೆಕ್ಟರ್ (ಡೇಟಾ ಇಡುವ ಪುಟ್ಟ ತುಂಡು ಜಾಗ) ಕೆಟ್ಟಿದೆ, ಅದರ ಬದಲು ಯಾವುದನ್ನು ಬಳಸಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ವಿಂಡೋಸ್‌ಗೆ ಇದಾವುದೂ ಕಾಣುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಫರ್ಮ್‌ವೇರ್‌ನ ಸ್ವಲ್ಪ ಭಾಗ ಹಸಿರು ಬೋರ್ಡಿನ ಚಿಪ್‌ನಲ್ಲಿದ್ದರೆ, ಜಾಸ್ತಿ ಭಾಗ ತಿರುಗುವ ತಟ್ಟೆಯ ಮೇಲೇ, ನಮಗೆ ಕಾಣದ ಒಂದು ಜಾಗದಲ್ಲಿ ಇರುತ್ತದೆ. ಬೋರ್ಡ್ ಸುಟ್ಟರೆ ಅದೇ ಮಾದರಿಯ ಇನ್ನೊಂದು ಬೋರ್ಡ್ ಹಾಕಿದರಾಯಿತು ಎಂದು ಈಗಲೂ ಕೆಲವರು ಹೇಳುತ್ತಾರೆ. ಇವತ್ತಿನ ಡಿಸ್ಕ್‌ಗಳಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಆ ಚಿಪ್‌ನಲ್ಲಿ ಆ ಒಂದು ಡಿಸ್ಕ್‌ಗೇ ಅಳೆದು ಬರೆದ ಹೊಂದಾಣಿಕೆಗಳಿರುತ್ತವೆ.

ಸರಿ, ಹಾಗಾದರೆ ಹೊಸ ಫರ್ಮ್‌ವೇರ್ ಬಂದಾಗಲೆಲ್ಲ ಹಾಕಿಬಿಡೋಣವೇ? ಬೇಡ. ಇದು ಫೋನಿನ ಆ್ಯಪ್ ಅಲ್ಲ. ಡಿಸ್ಕ್ ಚೆನ್ನಾಗಿ ಓಡುತ್ತಿದ್ದರೆ, ಹೊಸದು ಬಂದಿದೆ ಎಂಬ ಒಂದೇ ಕಾರಣಕ್ಕೆ ನಾನು ಮುಟ್ಟುವುದಿಲ್ಲ. ಸೀಗೇಟ್ ಬರಾಕುಡಾ 7200.11 ಡಿಸ್ಕ್‌ನ ಕಥೆ ಗೊತ್ತಿದ್ದವರಿಗೆ ಕಾರಣ ಗೊತ್ತು. ಅದರಲ್ಲಿ ಡಿಸ್ಕ್ ತನ್ನ ಆಗುಹೋಗು ಬರೆದಿಡುವ ಲಾಗ್ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಕಂಪ್ಯೂಟರ್ ಆನ್ ಮಾಡಿದರೆ ಫರ್ಮ್‌ವೇರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಡೇಟಾ ತಟ್ಟೆಯ ಮೇಲೆ ಹಾಗೇ ಇದೆ, ಆದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಮ್ ಬಯಾಸ್‌ಗೆ ಡಿಸ್ಕೇ ಕಾಣುವುದಿಲ್ಲ. 2009ರ ಜನವರಿಯಲ್ಲಿ ಕಂಪನಿ ಪರಿಹಾರವೆಂದು ಹೊಸ ಫರ್ಮ್‌ವೇರ್ ಕೊಟ್ಟಿತು. ಅದನ್ನು ಹಾಕಿದ 500 ಜಿಬಿ ಡಿಸ್ಕ್‌ಗಳಲ್ಲಿ ಹಲವು, ಅಲ್ಲಿಯವರೆಗೆ ಚೆನ್ನಾಗಿದ್ದವು, ಮಲಗಿಬಿಟ್ಟವು. ಆ ಫೈಲನ್ನು ವಾಪಸ್ ತೆಗೆದುಕೊಂಡು ಮತ್ತೆ ತಿದ್ದಿ ಕೊಡಬೇಕಾಯಿತು.

ಹಾಗಾಗಿ ಮೊದಲು ಫರ್ಮ್‌ವೇರ್ ಜೊತೆ ಬರುವ ಟಿಪ್ಪಣಿ ಓದಿ. ನಿಮ್ಮ ಡಿಸ್ಕ್‌ನಲ್ಲಿ ಕಾಣುತ್ತಿರುವ ತೊಂದರೆ ಅಲ್ಲಿದೆಯೇ? ಇದ್ದರೆ ಹಾಕಿ. ಡೇಟಾ ಹೋಗುತ್ತದೆ, ಡ್ರೈವ್ ನಿಲ್ಲುತ್ತದೆ ಎಂದು ಬರೆದಿದ್ದರೆ ನಿಮಗೆ ಇನ್ನೂ ಏನೂ ಕಾಣದಿದ್ದರೂ ಹಾಕಿ, ಅದೂ ಬೇಗ. ಗಂಟೆ ಎಣಿಕೆಯಂಥ ತಪ್ಪು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ‘ಸಣ್ಣಪುಟ್ಟ ಸುಧಾರಣೆ’ ಎಂದಷ್ಟೇ ಇದ್ದರೆ ಕಾಯಿರಿ. ಬೇರೆಯವರು ಹಾಕಿ ನೋಡಲಿ!

ಈಗಿರುವ ಆವೃತ್ತಿ ತಿಳಿಯುವುದು ಸುಲಭ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಪ್ರೋಗ್ರಾಮ್ ಇದೆ. ಎರಡೂ ಮಾದರಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಓಡಿದ ಗಂಟೆ ಎಲ್ಲವನ್ನೂ ತೋರಿಸುತ್ತವೆ. ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರ ಹೋಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಎಸ್‌ಎಸ್‌ಡಿ ಕಡಿಮೆ ಬೆಲೆಗೆ ಸಿಕ್ಕಿದ್ದರೆ ಇನ್ನೂ ಹುಷಾರು. ಮೇಲೆ ಸ್ಯಾಮ್‌ಸಂಗ್ ಎಂದು ಬರೆದಿದ್ದರೂ ಅದು ಲ್ಯಾಪ್‌ಟಾಪ್ ಕಂಪನಿಗೆಂದೇ ಮಾಡಿದ ಮಾಲಾಗಿದ್ದರೆ, ಸ್ಯಾಮ್‌ಸಂಗ್‌ನ ಸಾಫ್ಟ್‌ವೇರ್ ಅದಕ್ಕೆ ಅಪ್‌ಡೇಟ್ ಕೊಡುವುದಿಲ್ಲ. ಡೆಲ್, ಲೆನೊವೊ ಅಂಥ ಕಂಪನಿಯ ಕಡೆಯಿಂದಲೇ ಬರಬೇಕು. ಬೇರೆ ಮಾದರಿಯ ಫೈಲನ್ನು ಹೇಗೋ ಒತ್ತಾಯದಿಂದ ತುರುಕುವ ಉಪಾಯಗಳು ಸಿಗುತ್ತವೆ. ಡಿಸ್ಕ್ ಬೇಡವಾಗಿದ್ದರೆ ಮಾಡಿ ನೋಡಿ.

ಬ್ಯಾಕಪ್ ಇಲ್ಲದೆ ಶುರು ಮಾಡಲೇಬೇಡಿ. ಸಾಮಾನ್ಯವಾಗಿ ಅಪ್‌ಡೇಟ್ ಡೇಟಾವನ್ನು ಅಳಿಸುವುದಿಲ್ಲ, ಆದರೆ ಕೆಟ್ಟರೆ ಡಿಸ್ಕ್ ಪೂರ್ತಿ ಹೋಗುತ್ತದೆ. ಫರ್ಮ್‌ವೇರ್ ಬರೆಯುವುದು ಕೆಲವೇ ಕ್ಷಣದ ಕೆಲಸ. ಆ ಕ್ಷಣದಲ್ಲಿ ಕರೆಂಟ್ ಹೋಗಬಾರದು. ಡೆಸ್ಕ್‌ಟಾಪ್ ಆದರೆ ಯುಪಿಎಸ್, ಲ್ಯಾಪ್‌ಟಾಪ್ ಆದರೆ ತುಂಬಿದ ಬ್ಯಾಟರಿ ಜೊತೆಗೆ ಚಾರ್ಜರ್ ಕೂಡ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಬೇಡಿ, ಗೊತ್ತಲ್ಲ. ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ಅಪ್‌ಡೇಟ್ ಮಾಡಲು ಹೋದರೆ ಬಹಳ ಸಲ ಆಗುವುದಿಲ್ಲ, ನಡುವಿನ ಚಿಪ್ ಆ ಆದೇಶವನ್ನು ಮುಂದಕ್ಕೆ ದಾಟಿಸುವುದಿಲ್ಲ. ನೇರವಾಗಿ ಕಂಪ್ಯೂಟರಿನ ಮದರ್‌ಬೋರ್ಡಿಗೇ ಜೋಡಿಸಿ.

ಮುಗಿದ ಮೇಲೆ ಬರೀ ರೀಸ್ಟಾರ್ಟ್ ಸಾಲದು. ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ, ಆವೃತ್ತಿ ಬದಲಾಗಿದೆಯೇ ನೋಡಿ. ರೇಡ್ ಇರುವ ಕಡೆ ಎಲ್ಲ ಡಿಸ್ಕ್‌ಗೂ ಒಂದೇ ಸಲ ಹಾಕಬೇಡಿ, ತಯಾರಕರು ಹಾಗೆಂದೇ ಹೇಳಿದ್ದರೆ ಮಾತ್ರ ಬೇರೆ. ಒಂದಕ್ಕೆ ಹಾಕಿ, ರೇಡ್ ಸರಿಯಾಗಿ ಹೊಂದಿಕೊಂಡಿದೆಯೇ ನೋಡಿ, ಒಂದೆರಡು ದಿನ ಓಡಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.