ಕೆಂಪು ಮಣ್ಣಿನ ಕೇಪಳಕ್ಕೆ ಕಬ್ಬಿಣದ ಬರ

ಮನೆ ಒಕ್ಕಲಾಗಿ ಒಂದೆರಡು ವರ್ಷ ಆದವರಿಂದ ನನಗೆ ಹೆಚ್ಚಾಗಿ ಬರುವ ಫೋನು ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಕೇಪಳ ಗಿಡದ್ದೇ. "ಹಳದಿ ಆಗ್ತಾ ಉಂಟು ಸರ್. ಹಟ್ಟಿಗೊಬ್ಬರ ಹಾಕಿದೆ, ಯೂರಿಯಾ ಹಾಕಿದೆ. ಎಂತ ಹಾಕಿದ್ರೂ ಅಷ್ಟೇ." ಕಳೆದ ಮಳೆಗಾಲ ಮುಗಿದ ಮೇಲೆ ಮಣಿಪಾಲದ ಒಂದು ಮನೆಗೆ ಹೋದಾಗಲೂ ಇದೇ ಮಾತು. ಕಾಂಪೌಂಡಿನ ಉದ್ದಕ್ಕೂ ಹದಿನೆಂಟು ಗಿಡ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಸಾಲಾಗಿ ನೆಟ್ಟಿದ್ದರು. ಚಿಗುರೆಲ್ಲ ಬಿಳಿಚಿ ಹಳದಿ. ಗೇಟಿನಾಚೆ, ಮುರಕಲ್ಲಿನ ಪಾದೆಯ ಸಂದಿಯಲ್ಲಿ, ಯಾರೂ ನೆಡದ, ಯಾರೂ ನೀರೆರೆಯದ ಕಾಡು ಕೇಪಳ ಕಡುಹಸಿರಾಗಿ ಗೊಂಚಲು ತುಂಬ ಹೂ ಹೊತ್ತು ನಿಂತಿತ್ತು.

ಆ ಮನೆಯಾಕೆಯನ್ನು ಗೇಟಿನ ಹೊರಗೆ ಕರೆದು ಅದನ್ನು ತೋರಿಸಿದೆ. "ಅಕ್ಕ, ಇದಕ್ಕೆ ಯಾರು ಗೊಬ್ಬರ ಹಾಕಿದ್ದು?"

ಕೇಪಳ ನಮ್ಮ ನೆಲದ್ದೇ ಗಿಡ. ದಕ್ಷಿಣ ಭಾರತದ ಮತ್ತು ಶ್ರೀಲಂಕಾದ ಮೂಲನಿವಾಸಿ, ಕಾಫಿಯ ಕುಟುಂಬಕ್ಕೆ ಸೇರಿದ್ದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ. ಆ 'ಇಕ್ಸೋರಾ' ಎಂಬುದು ನಮ್ಮ 'ಈಶ್ವರ'ನೇ, ಪರದೇಶದವರ ಬಾಯಲ್ಲಿ ಹಾಗಾಗಿದೆ. ದೇವರ ತಲೆಗೂ ದೈವದ ಅಲಂಕಾರಕ್ಕೂ ಬೇಕಾದ ಹೂವಿಗೆ ಹೆಸರು ಸರಿಯಾಗಿಯೇ ಒದಗಿದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅಷ್ಟು ನೀರು ಕಾಲಕಾಲದಿಂದ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ, ಉಳಿದದ್ದು ಕಬ್ಬಿಣ ತುಂಬಿದ ಹುಳಿ ಮಣ್ಣು. ಮಣ್ಣಿನ ಹುಳಿಯನ್ನು ಅಳೆಯುವ ಅಂಕೆ ರಸಸಾರ, ಅಂದರೆ ಪಿಎಚ್; ಅದು 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಅದು 5ರಿಂದ 6ರ ಆಸುಪಾಸು ಇದ್ದರೆ ಕೇಪಳಕ್ಕೆ ಸುಖ. ಆ ಹುಳಿಯಲ್ಲಿ ಕಬ್ಬಿಣ ಬೇರಿಗೆ ದಕ್ಕುವಷ್ಟು ಕರಗಿರುತ್ತದೆ. ರಸಸಾರ 7 ದಾಟಿತೋ, ಕಬ್ಬಿಣ ಮಣ್ಣಿನಲ್ಲೇ ಇದ್ದರೂ ಕರಗದೆ ಕೂರುತ್ತದೆ. ಕೆಂಪು ಮಣ್ಣಿನ ಮೇಲೆ ನಿಂತ ಗಿಡ ಕಬ್ಬಿಣವಿಲ್ಲದೆ ಸೊರಗುವುದು ಹೀಗೆ.

ರಸಸಾರವನ್ನು ಏರಿಸುವುದು ಸುಣ್ಣ. ಅಂಗಳಕ್ಕೆ ಅದು ಬಂದದ್ದು ಮನೆ ಕಟ್ಟುವಾಗ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಅದರಿಂದ ಸುಣ್ಣ ಹುಟ್ಟುತ್ತದೆ. ಪ್ರತಿ ಮಳೆಗೂ ಗೋಡೆಯಿಂದ ಅದು ಸ್ವಲ್ಪ ಸ್ವಲ್ಪ ಬುಡಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು, ಕೆಲಸ ಮುಗಿಸಿ ಹೋಗುವಾಗ ಉಳಿದ ಗಾರೆ, ಸಿಮೆಂಟಿನ ಹುಡಿ, ಒಡೆದ ಚೂರುಗಳನ್ನೆಲ್ಲ ಗೋಡೆಯ ಬದಿಗೇ ಸುರಿದು ಮೇಲೆ ನಾಲ್ಕು ಬುಟ್ಟಿ ಕೆಮ್ಮಣ್ಣು ಎಳೆಯುವುದು. ಮೇಲಿಂದ ನೋಡಿದರೆ ಚಂದದ ಮಣ್ಣು. ಮಣಿಪಾಲದಲ್ಲಿ ಒಂದು ಗಿಡದ ಬುಡ ಅಗೆದಾಗ ಅರ್ಧ ಅಡಿಯಲ್ಲೇ ಗಾರೆಯ ಹೆಂಟೆ ಸಿಕ್ಕಿತು. ಆ ಮಣ್ಣನ್ನು ಒಂದು ತಟ್ಟೆಗೆ ಹಾಕಿ ಅಡುಗೆಮನೆಯ ವಿನೆಗರ್ ಸುರಿದೆವು, ಬುರುಬುರು ನೊರೆ ಎದ್ದಿತು. ನೊರೆ ಬಂದರೆ ಸುಣ್ಣ ಉಂಟು ಎಂದೇ ಅರ್ಥ. ಸಮುದ್ರದ ಬದಿಯ ಮನೆಗಳಲ್ಲಿ ಚಿಪ್ಪು ಬೆರೆತ ಹೊಯಿಗೆಯೂ ಇದೇ ಕೆಲಸ ಮಾಡುತ್ತದೆ.

ಗೊಬ್ಬರದ ಚೀಲ ಬಿಚ್ಚುವ ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಿ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ತಯಾರಾಗಲು ಕಬ್ಬಿಣ ಬೇಕು, ಆದರೆ ಗಿಡ ಅದನ್ನು ಹಳೆಯ ಎಲೆಯಿಂದ ತೆಗೆದು ಹೊಸದಕ್ಕೆ ಕೊಡಲಾರದು. ಹಾಗಾಗಿ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದರೆ ಅದು ಕಬ್ಬಿಣದ ಕೊರತೆ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ, ಯೂರಿಯಾದ ಮಾತು ಆಗ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಬೇರು ಕೊಳೆತರೂ ಎಲೆ ಹಳದಿಯಾಗುವುದುಂಟು, ಅದಕ್ಕೆ ನೀರು ಬಸಿದು ಹೋಗಲು ದಾರಿ ಮಾಡಬೇಕು.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟನ್ನು ಬುಡಕ್ಕೆ ಹಾಕಿಸುತ್ತಿದ್ದೆ. ಸುಣ್ಣದ ಮಣ್ಣಿಗೆ ಬಿದ್ದ ಕೂಡಲೇ ಅದೂ ಕರಗದ ರೂಪಕ್ಕೆ ತಿರುಗುತ್ತದೆ, ಗಿಡಕ್ಕೆ ಏನೂ ಸಿಗುವುದಿಲ್ಲ. ಈಗ ಎಲೆಗೇ ಸಿಂಪಡಿಸಲು ಹೇಳುತ್ತೇನೆ. ಒಂದು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಅದಕ್ಕೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ, ಸಂಜೆ ಹೊತ್ತು ಚಿಗುರಿಗೆ. ಹದಿನೈದು ದಿನಕ್ಕೊಮ್ಮೆ, ಮೂರು ಸಲ. ನೆಲದ ಟೈಲ್ಸ್ ಮೇಲೆ ಬೀಳದಂತೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗುವುದಿಲ್ಲ. ಬುಡಕ್ಕೇ ಕೊಡಬೇಕೆಂದಿದ್ದರೆ ಅಂಗಡಿಯಲ್ಲಿ ಇಡಿಡಿಎಚ್‌ಎ ಎಂದು ಬರೆದ ಕಬ್ಬಿಣವನ್ನೇ ಕೇಳಿ, ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ರಾಸಾಯನಿಕದ ಹೆಸರದು. ಅದೇ ಬಗೆಯ ಇಡಿಟಿಎ ಸುಣ್ಣದ ಮಣ್ಣಿನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ.

ಇದೆಲ್ಲ ತಾತ್ಕಾಲಿಕ. ಮಣ್ಣು ಹುಳಿಗೆ ಮರಳಬೇಕು. ಗಾರೆಯ ಚೂರು ಹೆಕ್ಕಿ ತೆಗೆದು, ಗುಡ್ಡೆಯ ಕೆಮ್ಮಣ್ಣು, ಹಟ್ಟಿಗೊಬ್ಬರ ತುಂಬಿ, ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ ಹಾಕಿ. ಗಂಧಕದ ಹುಡಿ ಒಂದು ಬುಡಕ್ಕೆ ಒಂದು ಚಮಚದಷ್ಟು ಬೆರೆಸಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನಿಧಾನಕ್ಕೆ ಆಮ್ಲವಾಗಿಸುತ್ತವೆ, ತಿಂಗಳುಗಳೇ ಹಿಡಿಯುತ್ತವೆ. ಒಲೆಯ ಬೂದಿ, ಸುಡುಮಣ್ಣು, ಮೊಟ್ಟೆಯ ಚಿಪ್ಪು ಮಾತ್ರ ಬೇಡ. ತರಕಾರಿ ಸಾಲಿಗೆ ಸುಡುಮಣ್ಣು ಅಮೃತ ಇರಬಹುದು, ಹಳದಿಯಾದ ಕೇಪಳಕ್ಕೆ ಅದು ಮತ್ತಷ್ಟು ಸುಣ್ಣ ಸುರಿದ ಹಾಗೆ.

ಹಿಟ್ಟುತಿಗಣೆಗೆ, ಎಲೆಯ ಮೇಲಿನ ಕಪ್ಪು ಬೂಷ್ಟಿಗೆ ಬೇವಿನೆಣ್ಣೆ ಸಾಕು. ಕತ್ತರಿಯ ವಿಷಯ ಹೇಳಲೇಬೇಕು. ಕೇಪಳ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ತಿಂಗಳಿಗೊಮ್ಮೆ ಪೆಟ್ಟಿಗೆಯಂತೆ ಚಪ್ಪಟೆ ಕತ್ತರಿಸಿದರೆ ಮೊಗ್ಗಾಗುವ ತುದಿಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ. ಆ ಉದ್ದ ಕೊಳವೆಯ ಹೂವಿನ ಮಕರಂದಕ್ಕೆ ಬರುವ ಚಿಟ್ಟೆಗಳನ್ನು ನೋಡಿದ ಯಾರಿಗೂ ಹಾಗೆ ಕತ್ತರಿಸಲು ಮನಸ್ಸು ಬಾರದು. ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆಯ ಹೊತ್ತಿಗೆ ಒಮ್ಮೆ ಹದವಾಗಿ ಸವರಿದರೆ ಮಳೆಗೆ ಹೊಸ ಚಿಗುರು ಬರುತ್ತದೆ.

ಮಣಿಪಾಲದ ಸಾಲನ್ನು ಗೋಡೆಯಿಂದ ಮೂರು ಅಡಿ ಈಚೆಗೆ ತಂದೆವು. ಮೂರು ಗಿಡ ಸ್ಥಳ ಬದಲಿಸಿದ್ದನ್ನು ತಾಳದೆ ಒಣಗಿದವು. ಉಳಿದವುಗಳ ಹಳೆಯ ಹಳದಿ ಎಲೆ ಪೂರ್ತಿ ಹಸಿರಾಗಲಿಲ್ಲ, ಆದರೆ ಎರಡು ತಿಂಗಳ ಮೇಲೆ ಬಂದ ಚಿಗುರು ಕಡುಹಸಿರು. ಖಾಲಿಯಾದ ಮೂರು ಗುಂಡಿಗೆ, ಮಳೆ ಹಿಡಿದ ಮೇಲೆ, ಗೇಟಿನಾಚೆಯ ಕಾಡು ಕೇಪಳದ ಅರೆಬಲಿತ ಕಡ್ಡಿಗಳನ್ನು ಬೇರು ಬರಿಸಿ ನೆಡುವುದೆಂದು ಅಕ್ಕ ಈಗಲೇ ಗುರುತು ಮಾಡಿಟ್ಟಿದ್ದಾರೆ.