ಎರಡು ತುಂಬದ ಮಗುವಿಗೆ 34 ಡಾಲರ್: ಸೋದರ ಸಂಘಗಳ ಮಕ್ಕಳ ವಿಮೆ ನಡೆದು ಬಂದ ದಾರಿ

ನೂರು ವರ್ಷಗಳ ಹಿಂದಿನ ಅಮೆರಿಕದ ವಿಮಾ ಕಾನೂನುಗಳಲ್ಲಿ ಒಂದು ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಹೆಚ್ಚುಕಡಿಮೆ ಅದೇ ಅಂಕಿಗಳೊಡನೆ ಬರುತ್ತದೆ. ಸೋದರ ಸಂಘವೊಂದು, ಎಂದರೆ ಸದಸ್ಯರೇ ಹಣ ಕೂಡಿಸಿ ಒಬ್ಬರಿಗೊಬ್ಬರು ನೆರವಾಗುವ ಸಂಘವೊಂದು, ತನ್ನ ಸದಸ್ಯರ ಮಗು ತೀರಿಕೊಂಡಾಗ ಗರಿಷ್ಠ ಎಷ್ಟು ಹಣ ಕೊಡಬಹುದು ಎಂಬುದರ ಪಟ್ಟಿ ಅದು. ಮುಂದಿನ ಹುಟ್ಟುಹಬ್ಬಕ್ಕೆ ಎರಡು ತುಂಬಬೇಕಿದ್ದ ಮಗುವಾದರೆ 34 ಡಾಲರ್. ಮೂರಕ್ಕೆ 40, ನಾಲ್ಕಕ್ಕೆ 48, ಐದಕ್ಕೆ 58. ಆರಕ್ಕೆ ಬಂದಾಗ ಮೊತ್ತ ಒಮ್ಮೆಲೇ 140ಕ್ಕೆ ಜಿಗಿಯುತ್ತದೆ. ಹತ್ತಕ್ಕೆ 300, ಹದಿನಾರರಿಂದ ಹದಿನೆಂಟಕ್ಕೆ 600.

ಐದಕ್ಕೂ ಆರಕ್ಕೂ ನಡುವಿನ ಆ ಜಿಗಿತವನ್ನು ಬರೀ ಮರಣ ಪ್ರಮಾಣದ ಗಣಿತದಿಂದ ವಿವರಿಸಲಾಗದು. ಅದರ ಹಿಂದೆ ಬ್ರಿಟನ್ನಿನಿಂದ ಹಡಗು ಹತ್ತಿ ಬಂದ ಒಂದು ಹಳೆಯ ಭಯವಿದೆ. ಬಡ ತಾಯ್ತಂದೆಯರು ಹಣದಾಸೆಗೆ ಎಳೆಯ ಮಗುವನ್ನು ಸಾಯಲು ಬಿಟ್ಟಾರು ಎಂಬ ಭಯ. ಸದಸ್ಯರ ಮಕ್ಕಳು ಅಪಘಾತದಲ್ಲಿ ತೀರಿಕೊಂಡರೆ ಇಂತಿಷ್ಟು ಹಣ ಎಂದು ಇಂದು ಕೆಲವು ಸೋದರ ಸಂಘಗಳು ಪುಕ್ಕಟೆಯಾಗಿ ಕೊಡುವ ಸಣ್ಣ ವಿಮೆಯನ್ನು ಅರ್ಥ ಮಾಡಿಕೊಳ್ಳಲು ಈ ಭಯದ ಚರಿತ್ರೆಯಿಂದಲೇ ಶುರುಮಾಡಬೇಕು.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಕೂಲಿಕಾರರು ವಾರಕ್ಕೆ ಅರ್ಧ ಪೆನ್ನಿ, ಒಂದು ಪೆನ್ನಿ ಕೂಡಿಸಿ ಶವಸಂಸ್ಕಾರದ ಕ್ಲಬ್ಬುಗಳನ್ನು ನಡೆಸುತ್ತಿದ್ದರು. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಐದು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದ ಕಾಲ. ದುಡ್ಡಿಲ್ಲದವರ ಶವ ಪ್ಯಾರಿಷ್‌ನ (ಊರ ಚರ್ಚಿನ ಆಡಳಿತದ) ಖರ್ಚಿನಲ್ಲಿ, ಗುರುತಿಲ್ಲದ ಗುಂಡಿಯಲ್ಲಿ, ಬೇರೆ ಹೆಣಗಳ ಜೊತೆ ಮಣ್ಣಾಗುತ್ತಿತ್ತು. ಮಗುವಿಗೆ ಅದೊಂದು ಗತಿ ಬಾರದಿರಲಿ ಎಂದೇ ಜನ ಹೊಟ್ಟೆ ಕಟ್ಟಿ ಕ್ಲಬ್ಬಿಗೆ ಕೊಡುತ್ತಿದ್ದರು. ಆದರೆ 1843ರಲ್ಲಿ ನಗರಗಳ ಶವಸಂಸ್ಕಾರದ ಬಗ್ಗೆ ವರದಿ ಬರೆದ ಎಡ್ವಿನ್ ಚಾಡ್ವಿಕ್‌ಗೆ ಕಂಡದ್ದು ಬೇರೆ. ಒಂದೇ ಮಗುವನ್ನು ಹಲವು ಕ್ಲಬ್ಬುಗಳಲ್ಲಿ ನೋಂದಾಯಿಸಿದ ಉದಾಹರಣೆಗಳನ್ನು ಆತ ಮುಂದಿಟ್ಟ. ಮೇಲ್ವರ್ಗದ ಓದುಗರಿಗೆ ಅಷ್ಟು ಸಾಕಾಯಿತು. 1873ರಲ್ಲಿ ಡರ್ಹಮ್ ಜೈಲಿನಲ್ಲಿ ಮೇರಿ ಆನ್ ಕಾಟನ್ ಎಂಬ ಹೆಂಗಸನ್ನು ಗಲ್ಲಿಗೇರಿಸಿದರು. ಏಳು ವರ್ಷದ ಮಲಮಗನಿಗೆ ಆರ್ಸೆನಿಕ್ ಹಾಕಿದ ಅಪರಾಧ. ಆ ಮಗುವಿನ ಮೇಲೆ ಸಣ್ಣದೊಂದು ವಿಮೆ ಇತ್ತು ಎಂಬುದೇ ಪತ್ರಿಕೆಗಳಿಗೆ ದೊಡ್ಡ ಸುದ್ದಿ.

ಎರಡು ವರ್ಷ ಕಳೆದು, ಇಂಥ ಕ್ಲಬ್ಬು ಸಂಘಗಳಿಗಾಗಿ ಬ್ರಿಟನ್ ತಂದ 1875ರ ಫ್ರೆಂಡ್ಲಿ ಸೊಸೈಟೀಸ್ ಕಾಯ್ದೆ ಐದು ವರ್ಷದೊಳಗಿನ ಮಗುವಿಗೆ 6 ಪೌಂಡ್, ಹತ್ತರೊಳಗಿನ ಮಗುವಿಗೆ 10 ಪೌಂಡ್ ಎಂದು ಮಿತಿ ಹಾಕಿತು. ಸಂಸ್ಕಾರದ ಖರ್ಚು ದಾಟಬಾರದು, ಕೈಯಲ್ಲಿ ಏನೂ ಉಳಿಯಬಾರದು ಎಂಬುದೇ ಅದರ ಲೆಕ್ಕ. ಇದೂ ಸಾಲದು, ಮಕ್ಕಳ ವಿಮೆಯನ್ನು ಇನ್ನಷ್ಟು ಬಿಗಿ ಮಾಡಬೇಕು ಎಂದು 1890ರ ಸುಮಾರಿಗೆ ಮಕ್ಕಳ ರಕ್ಷಣೆಯ ಹೋರಾಟಗಾರ ಬೆಂಜಮಿನ್ ವಾ ಮತ್ತು ಪೀಟರ್‌ಬರೋದ ಬಿಷಪ್ ವಾದಿಸಿದರು. ಅವರ ಕಾಳಜಿ ನಿಜವಾದದ್ದು. ಆದರೆ ಅವರು ಹೊರಿಸಿದ ಆರೋಪಕ್ಕೆ ಬೇಕಾದಷ್ಟು ಸಾಕ್ಷ್ಯ ಎಂದೂ ಒದಗಲಿಲ್ಲ. ಒಂದೆರಡು ಭೀಕರ ಪ್ರಕರಣಗಳನ್ನು ಹಿಡಿದು ಒಂದಿಡೀ ವರ್ಗದ ತಾಯ್ತಂದೆಯರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದು ಅನ್ಯಾಯ ಎಂದೇ ನನಗೆ ಅನಿಸುತ್ತದೆ.

ಅಮೆರಿಕಕ್ಕೆ ಈ ವಿಮೆಯೂ ಈ ಜಗಳವೂ ಜೊತೆಯಾಗಿ ಬಂದವು. 1875ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಜಾನ್ ಡ್ರೈಡನ್ ಶುರುಮಾಡಿದ ಪ್ರುಡೆನ್ಷಿಯಲ್, 1879ರಿಂದ ಮೆಟ್ರೊಪಾಲಿಟನ್, ಈ ಎರಡು ವಿಮಾ ಕಂಪನಿಗಳು ವಾರವಾರ ಮನೆಬಾಗಿಲಿಗೆ ಏಜೆಂಟರನ್ನು ಕಳಿಸಿ ಕೆಲವು ಸೆಂಟುಗಳಿಗೆ ಮಕ್ಕಳ ವಿಮೆ ಮಾರಿದವು. ಕೊಲೊರಾಡೊ 1893ರಲ್ಲಿ ಹತ್ತು ವರ್ಷದೊಳಗಿನವರ ವಿಮೆಯನ್ನೇ ನಿಷೇಧಿಸಿತು. 1895ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅಂಥದ್ದೇ ಮಸೂದೆ ಬಂದು, ವಾದವಿವಾದ ನಡೆದು, ಬಿದ್ದುಹೋಯಿತು. ಬಡವರು ತಮ್ಮ ಮಟ್ಟಿಗೆ ತೀರ್ಮಾನ ಮಾಡಿಯಾಗಿತ್ತು. ನ್ಯೂಯಾರ್ಕ್ ನಗರ 1869ರಿಂದ ಅನಾಥ ಶವಗಳನ್ನು ಹೂಳುತ್ತಿದ್ದ ಹಾರ್ಟ್ ದ್ವೀಪಕ್ಕೆ ತಮ್ಮ ಕೂಸನ್ನು ಕಳಿಸಲು ಯಾರಿಗೆ ತಾನೆ ಮನಸ್ಸಾದೀತು?

ಇದೇ ಹೊತ್ತಿಗೆ ಸೋದರ ಸಂಘಗಳು ಬೇರೆಯದೇ ದಾರಿಯಲ್ಲಿ ಬೆಳೆಯುತ್ತಿದ್ದವು. ಪೆನ್ಸಿಲ್ವೇನಿಯಾದ ಮೀಡ್‌ವಿಲ್‌ನಲ್ಲಿ 1868ರಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಕೆಲಸಗಾರ ಕಟ್ಟಿದ ಏನ್ಷಿಯಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್ ಇವುಗಳಿಗೆಲ್ಲ ಮಾದರಿ. ಒಬ್ಬ ಸದಸ್ಯ ಸತ್ತರೆ ಉಳಿದವರು ತಲಾ ಒಂದು ಡಾಲರ್ ಹಾಕಬೇಕು, ಆ ಹಣ ವಿಧವೆಯ ಮನೆಗೆ ಹೋಗಬೇಕು. ಕ್ಯಾಥೊಲಿಕರಿಗೆ 1882ರಲ್ಲಿ ನೈಟ್ಸ್ ಆಫ್ ಕೊಲಂಬಸ್ ಬಂತು. ಹಂಗೇರಿಯ ಗಣಿಗಾರರು 1886ರಲ್ಲಿ ಹೇಜಲ್ಟನ್‌ನಲ್ಲಿ, ಸ್ಲೋವಾಕರು 1890ರಲ್ಲಿ ಪಿಟ್ಸ್‌ಬರ್ಗ್ ಮತ್ತು ಕ್ಲೀವ್‌ಲ್ಯಾಂಡ್‌ಗಳಲ್ಲಿ, ಸ್ಲೊವೇನಿಯರು 1904ರಲ್ಲಿ ಶಿಕಾಗೊದಲ್ಲಿ ತಮ್ಮ ತಮ್ಮ ಸಂಘ ಕಟ್ಟಿಕೊಂಡರು. ಪ್ರತಿ ಊರಿನ ಶಾಖೆ, ಅವರ ಮಾತಿನಲ್ಲಿ ಲಾಡ್ಜ್, ತಿಂಗಳಿಗೊಮ್ಮೆ ಸೇರುತ್ತಿತ್ತು. ಕಾಯಿಲೆ ಬಿದ್ದವರನ್ನು ನೋಡಿ ಬರಲು ಸಮಿತಿ, ಸತ್ತವರ ಶವಯಾತ್ರೆಗೆ ಎಲ್ಲರ ಹಾಜರಿ. ಕೂಡಿಸಿದ ಡಾಲರಿನಷ್ಟೇ ಈ ಹಾಜರಿಗೂ ಬೆಲೆ ಇತ್ತು.

ಆದರೆ ಈ ವ್ಯವಸ್ಥೆಯೊಳಗೆ ಮಕ್ಕಳಿಗೆ ಜಾಗವಿರಲಿಲ್ಲ. ವಿಮೆ ಎನ್ನುವುದು ದುಡಿಯುವ ಗಂಡಸಿನ ಗಳಿಕೆ ನಿಂತಾಗ ಸಂಸಾರ ಬೀದಿಗೆ ಬೀಳದಿರಲು ಇರುವ ಏರ್ಪಾಡು, ಮಗು ಗಳಿಸುವುದಿಲ್ಲ ಎಂಬುದು ಸಂಘಗಳ ತರ್ಕ. ಪೆನ್ಸಿಲ್ವೇನಿಯಾದ ಗಣಿ ಊರುಗಳಲ್ಲಿ ಈ ತರ್ಕ ನಿಲ್ಲುವಂತಿರಲಿಲ್ಲ. ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಬ್ರೇಕರ್ ಕಟ್ಟಡಗಳಲ್ಲಿ ಹತ್ತು ಹನ್ನೆರಡರ ಹುಡುಗರು ಕೂತು ದುಡಿಯುತ್ತಿದ್ದರು. 1911ರಲ್ಲಿ ಛಾಯಾಗ್ರಾಹಕ ಲೂಯಿಸ್ ಹೈನ್ ಪಿಟ್ಸ್‌ಟನ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಆ ಮಸಿ ಬಳಿದ ಮುಖಗಳನ್ನು ಇಂದಿಗೂ ನೋಡಬಹುದು. ಯಂತ್ರಕ್ಕೆ ಕೈ ಸಿಕ್ಕಿ, ಕಲ್ಲಿದ್ದಲ ರಾಶಿಯಲ್ಲಿ ಹೂತು ಸತ್ತ ಹುಡುಗರಿದ್ದಾರೆ.

ಮಕ್ಕಳಿಗೆ ಮೊದಲು ಬಾಗಿಲು ತೆರೆದವರಲ್ಲಿ ಕಪ್ಪು ಜನರ ಸಂಘಗಳಿದ್ದವು. ಅದಕ್ಕೆ ಕಾರಣವೂ ಇತ್ತು. ಪ್ರುಡೆನ್ಷಿಯಲ್ 1881ರಲ್ಲಿ ಒಂದು ನಿಯಮ ತಂದು, ಅದೇ ಕಂತು ಕಟ್ಟುವ ಕಪ್ಪು ಗ್ರಾಹಕರಿಗೆ ಬಿಳಿಯರಿಗಿಂತ ಮೂರನೇ ಒಂದು ಪಾಲು ಕಡಿಮೆ ಕೊಡತೊಡಗಿತ್ತು. ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಇಂಡಿಪೆಂಡೆಂಟ್ ಆರ್ಡರ್ ಆಫ್ ಸೇಂಟ್ ಲೂಕ್ ಎಂಬ ಸಂಘದ ಮ್ಯಾಗಿ ಲೀನಾ ವಾಕರ್ 1895ರಲ್ಲಿ ಮಕ್ಕಳ ವಿಭಾಗ ಶುರುಮಾಡಿದರು. ಆಕೆಯ ತಾಯಿ ಬಟ್ಟೆ ಒಗೆದು ಜೀವನ ಮಾಡಿದವಳು. ಮಗಳು 1899ರಲ್ಲಿ ಸಂಘದ ಚುಕ್ಕಾಣಿ ಹಿಡಿದು, 1903ರಲ್ಲಿ ಬ್ಯಾಂಕನ್ನೇ ತೆರೆದಳು. ಆಕೆ ಮಕ್ಕಳಿಗೆ ಪೈಸೆ ಪೈಸೆ ಉಳಿಸುವುದನ್ನು ಕಲಿಸಿದಳು. ಮಕ್ಕಳ ವಿಭಾಗವೆಂದರೆ ಸಾವಿನ ಹಣ ಮಾತ್ರವಲ್ಲ, ಒಂದು ಸಮುದಾಯ ತನ್ನ ಮುಂದಿನ ತಲೆಮಾರನ್ನು ಬೆಳೆಸುವ ಬಗೆಯೂ ಹೌದು ಎಂಬುದನ್ನು ವಾಕರ್ ಅವರಷ್ಟು ಸ್ಪಷ್ಟವಾಗಿ ಕಂಡವರು ಆ ಕಾಲದಲ್ಲಿ ವಿರಳ.

ದೊಡ್ಡ ಬಿಳಿಯ ಸಂಘಗಳು ಮನಸ್ಸು ಬದಲಿಸಿದ್ದು ಅನಿವಾರ್ಯದಿಂದ. ತಲಾ ಒಂದು ಡಾಲರ್ ಪದ್ಧತಿಯಲ್ಲಿ ವಯಸ್ಸಿಗೆ ತಕ್ಕ ಕಂತು ಇರಲಿಲ್ಲ. ಸದಸ್ಯರಿಗೆ ವಯಸ್ಸಾದಂತೆ ಸಾವುಗಳು ಹೆಚ್ಚಿದವು, ಡಾಲರ್ ಹಾಕಿ ಎಂಬ ಕರೆಗಳು ಹೆಚ್ಚಿದವು, ತರುಣರು ಸೇರಲು ಹಿಂಜರಿದರು. ದರ ಏರಿಸಿದಾಗ ಜನ ಬಿಟ್ಟುಹೋದರು. ಅತ್ತ ವಾರದ ಏಜೆಂಟ್ ಸದಸ್ಯರ ಮನೆಯಲ್ಲೇ ಕೂತು ಮಕ್ಕಳ ಹೆಸರಿಗೆ ಪಾಲಿಸಿ ಮಾರಿ, ಆ ಕುಟುಂಬವನ್ನೇ ಕಂಪನಿಯ ಕಡೆ ಒಯ್ಯುತ್ತಿದ್ದ. 1917ರ ಸುಮಾರಿಗೆ ಸಂಘಗಳ ಒಕ್ಕೂಟ ‘ಇಡೀ ಕುಟುಂಬದ ರಕ್ಷಣೆ’ ಎಂಬ ಹೆಸರಿನಲ್ಲಿ ಮಾದರಿ ಮಸೂದೆ ಮುಂದಿಟ್ಟಿತು. ರಾಜ್ಯಗಳು ಒಂದೊಂದಾಗಿ ಒಪ್ಪಿದವು.

ಮೊದಲು ಹೇಳಿದ 34 ಡಾಲರಿನ ಪಟ್ಟಿ ಇದ್ದದ್ದು ಈ ಕಾನೂನುಗಳಲ್ಲೇ. ಅವುಗಳ ಉಳಿದ ಷರತ್ತುಗಳನ್ನೂ ನೋಡಬೇಕು. ಮಗುವನ್ನು ಸಾಕುವ ಹೊಣೆ ಸದಸ್ಯರೊಬ್ಬರದಾಗಿರಬೇಕು. ಮಗುವಿಗೆ ಸಂಘ ಸೇರುವ ದೀಕ್ಷೆ ಬೇಡ, ಸಂಘದ ಆಡಳಿತದಲ್ಲಿ ಮಾತೂ ಇಲ್ಲ. ವೈದ್ಯರ ತಪಾಸಣೆ ಆಗಬೇಕು. ಕನಿಷ್ಠ 500 ಮಕ್ಕಳ ವಿಮಾ ಪತ್ರಗಳು ಒಟ್ಟಿಗೆ ಜಾರಿಯಾಗುವವರೆಗೆ ಒಂದನ್ನೂ ಕೊಡುವಂತಿಲ್ಲ. ಮಕ್ಕಳ ನಿಧಿಯನ್ನು ದೊಡ್ಡವರ ನಿಧಿಯೊಂದಿಗೆ ಬೆರೆಸುವಂತಿಲ್ಲ, ಮೀಸಲು ಹಣವನ್ನು ಒಪ್ಪಿತ ಮರಣ ಕೋಷ್ಟಕದ ಪ್ರಕಾರವೇ ಇಡಬೇಕು. ದೊಡ್ಡವರ ವಿಷಯದಲ್ಲಿ ಸಂಘಗಳು ಮಾಡಿದ ಲೆಕ್ಕದ ತಪ್ಪು ಮಕ್ಕಳ ವಿಷಯದಲ್ಲಿ ಮರುಕಳಿಸಬಾರದು ಎಂದು ಕಾನೂನು ಮುಂಚೆಯೇ ಬೇಲಿ ಹಾಕಿತ್ತು. ಈ ಷರತ್ತುಗಳು ನನಗೆ ಮೆಚ್ಚುಗೆ. ಮೊತ್ತದ ಪಟ್ಟಿಯಲ್ಲಿರುವ ಅನುಮಾನ ಮಾತ್ರ ಮೆಚ್ಚುಗೆಯಲ್ಲ.

ಅಷ್ಟರಲ್ಲಿ ಮಕ್ಕಳು ಸಾಯುವ ಕಾರಣಗಳೇ ಬದಲಾಗುತ್ತಿದ್ದವು. ಡಿಫ್ತೀರಿಯಾಕ್ಕೆ ಪ್ರತಿವಿಷ ಬಂತು, ಹಾಲನ್ನು ಪಾಶ್ಚರೀಕರಿಸತೊಡಗಿದರು, 1908ರಲ್ಲಿ ಜೆರ್ಸಿ ಸಿಟಿಯ ಕುಡಿಯುವ ನೀರಿಗೆ ಕ್ಲೋರಿನ್ ಬಿತ್ತು. ಸೋಂಕಿನ ಸಾವುಗಳು ಇಳಿಯುತ್ತಾ ಹೋದಂತೆ ಬೀದಿಯ ಸಾವುಗಳು ಎದ್ದು ಕಂಡವು. 1910ರ ಹೊತ್ತಿಗೆ ಐದರಿಂದ ಹದಿನಾಲ್ಕರ ಮಕ್ಕಳ ಸಾವಿಗೆ ಅಪಘಾತವೇ ಮೊದಲ ಕಾರಣವಾಗಿತ್ತು. ಮೊದಲು ಟ್ರಾಲಿ, ಎಂದರೆ ಬೀದಿಯ ಟ್ರಾಮ್, ಆಮೇಲೆ ಮೋಟಾರು ಕಾರು. ಮಕ್ಕಳಿಗೆ ಆಟದ ಬಯಲೆಂದರೆ ಬೀದಿಯೇ. 1922ರಲ್ಲಿ ಬಾಲ್ಟಿಮೋರ್ ನಗರ, ಹಿಂದಿನ ವರ್ಷ ಅಪಘಾತಗಳಲ್ಲಿ ಸತ್ತ 130 ಮಕ್ಕಳಿಗಾಗಿ ಸ್ಮಾರಕ ಸ್ತಂಭವನ್ನೇ ನಿಲ್ಲಿಸಿತು.

ಮಕ್ಕಳ ವಿಮೆಯ ಬಗ್ಗೆ ಇದ್ದ ಗುಮಾನಿ ಸಡಿಲವಾದದ್ದಕ್ಕೆ ಈ ಬದಲಾವಣೆಯೂ ಒಂದು ಕಾರಣ ಎಂದು ನಾನು ಓದಿಕೊಳ್ಳುತ್ತೇನೆ. ಕೂಸು ಭೇದಿಯಿಂದ ಸತ್ತರೆ ತಾಯಿಯ ಕಡೆ ಬೆರಳು ತೋರಿಸುವುದು ಸುಲಭವಿತ್ತು. ಟ್ರಾಲಿಗೆ ಸಿಕ್ಕಿ ಸತ್ತರೆ ಚಾಲಕನಿದ್ದಾನೆ, ಪೊಲೀಸರಿದ್ದಾರೆ, ಕಣ್ಣಾರೆ ಕಂಡ ನೆರೆಯವರಿದ್ದಾರೆ. ವಿಮೆಯ ಲೆಕ್ಕಕ್ಕೂ ಅಪಘಾತ ಹೊಂದುತ್ತದೆ. ರೋಗ ನಿಯಂತ್ರಣಕ್ಕೆ ಬಂದ ಸಮಾಜದಲ್ಲಿ ಒಂದು ಮಗು ಒಂದು ವರ್ಷದಲ್ಲಿ ಅಪಘಾತದಿಂದ ಸಾಯುವ ಸಂಭವ ತೀರಾ ಕಡಿಮೆ, ಹಾಗಾಗಿ ಸಾವಿರಾರು ಕುಟುಂಬಗಳ ಸಂಘಕ್ಕೆ ಅದರ ಖರ್ಚು ತಲೆಗೆ ಲೆಕ್ಕ ಹಾಕಿದರೆ ಅತ್ಯಲ್ಪ. ವೈದ್ಯಕೀಯ ತಪಾಸಣೆಯೂ ಬೇಕಿಲ್ಲ. ಸದಸ್ಯತ್ವದ ಜೊತೆಗೇ ಕೊಟ್ಟುಬಿಡಬಹುದಾದ ಸೌಲಭ್ಯ ಅದು.

ಇಲ್ಲಿ ಕಷ್ಟ ಬರುವುದು ಹಣ ಕೇಳುವಾಗ. ಯಾವುದು ಅಪಘಾತ? ಹಳೆಯ ಪಾಲಿಸಿಗಳು ಸಾವು ಆಕಸ್ಮಿಕವಾಗಿದ್ದರೆ ಸಾಲದು, ಸಾವಿಗೆ ಕಾರಣವಾದ ಕ್ರಿಯೆಯೂ ಆಕಸ್ಮಿಕವಾಗಿರಬೇಕು ಎನ್ನುತ್ತಿದ್ದವು. ಗಾಲ್ಫ್ ಆಡುತ್ತಾ ಬಿಸಿಲಿನ ಹೊಡೆತಕ್ಕೆ ಸತ್ತ ಒಬ್ಬನ ಪ್ರಕರಣ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಆತ ಬಿಸಿಲಿಗೆ ಬೇಕೆಂದೇ ಹೋಗಿದ್ದ, ಹಾಗಾಗಿ ಹಣವಿಲ್ಲ ಎಂದು ಬಹುಮತದ ತೀರ್ಪು. ಈ ಭೇದ ಕಾನೂನನ್ನು ಕಾಲೂರಲಾಗದ ಜವುಗಿನಲ್ಲಿ ಮುಳುಗಿಸುತ್ತದೆ ಎಂದು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೊಜೊ ಭಿನ್ನಮತ ಬರೆದರು. ಮುಂದೆ ಅನೇಕ ರಾಜ್ಯಗಳು ಅವರ ಕಡೆಗೇ ವಾಲಿದವು. ಮಕ್ಕಳ ವಿಷಯದಲ್ಲಿ ಹಳೆಯ ಭೇದ ಎಷ್ಟು ಕ್ರೂರ ಎಂದು ಯೋಚಿಸಿ. ಕೆರೆಗೆ ಇಳಿದ ಹುಡುಗ ಬೇಕೆಂದೇ ಇಳಿದಿರುತ್ತಾನೆ, ಮರ ಹತ್ತಿದವಳು ಬೇಕೆಂದೇ ಹತ್ತಿರುತ್ತಾಳೆ. ಇಂದೂ ಇಂಥ ಪತ್ರಗಳಲ್ಲಿ ಗಾಯವಾದ ಇಂತಿಷ್ಟು ದಿನದೊಳಗೆ ಸಾವು ಸಂಭವಿಸಿರಬೇಕು ಎಂಬ ಷರತ್ತು ಸಾಮಾನ್ಯ. ಆತ್ಮಹತ್ಯೆ, ಯುದ್ಧ, ಮಾದಕ ವಸ್ತು, ಕಾಯಿಲೆ ಹೊರಗೆ.

ಭಾರತದ ಓದುಗರಿಗೆ ಇದೆಲ್ಲ ಎಲ್ಲೋ ನಡೆದ ಕಥೆ ಅನಿಸಬಹುದು, ಆದರೆ ಅದೇ ಎಚ್ಚರಿಕೆಯ ಗುರುತು ಇಲ್ಲಿಯೂ ಇದೆ. ಎಲ್‌ಐಸಿಯ ಮಕ್ಕಳ ಪಾಲಿಸಿಗಳಲ್ಲಿ ಮಗುವಿಗೆ ಎಂಟು ತುಂಬುವವರೆಗೆ ಇಲ್ಲವೇ ಪಾಲಿಸಿಗೆ ಎರಡು ವರ್ಷ ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಜೀವದ ರಿಸ್ಕ್, ಎಂದರೆ ಸಾವಿನ ವಿಮಾ ರಕ್ಷಣೆ, ಶುರುವಾಗುವುದೇ ಇಲ್ಲ. ಅಪಘಾತ ಸೌಲಭ್ಯದ ರೈಡರ್ (ಮುಖ್ಯ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಸಿಗುವುದು ಹದಿನೆಂಟರ ಮೇಲೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಕೂಡ 18ರಿಂದ 70ರವರಿಗೆ ಮಾತ್ರ. ಅತ್ತ ಅಮೆರಿಕದಲ್ಲಿ ಕನ್ನಡಿಗರ ಮನೆಯಲ್ಲಿ ಇಂಥ ದುರಂತ ನಡೆದಾಗ ಕನ್ನಡ ಕೂಟದವರು ಒಂದೇ ರಾತ್ರಿಯಲ್ಲಿ ಚಂದಾ ಎತ್ತುತ್ತಾರೆ. ಅಪ್‌ಚರ್ಚ್ ಸಂಘದ ಒಂದು ಡಾಲರಿನ ಕರೆಯೂ ಇದೇ ಬಗೆಯದು. ಆದರೆ ಅಲ್ಲಿ ಅದು ಸದಸ್ಯನ ಹಕ್ಕಾಗಿ ಬರೆದಿಟ್ಟದ್ದು.

ಆ ಹಕ್ಕಿನ ವಿಷಯದಲ್ಲೇ ಇಂದಿನ ಪುಕ್ಕಟೆ ಅಪಘಾತ ವಿಮೆಯನ್ನು ಎಚ್ಚರದಿಂದ ನೋಡಬೇಕು. ಅಮೆರಿಕದ ತೆರಿಗೆ ಕಾನೂನಿನ 501(ಸಿ)(8) ಕಲಮು ಶಾಖಾ ಪದ್ಧತಿಯಲ್ಲಿ ನಡೆಯುವ, ಸದಸ್ಯರಿಗೂ ಅವಲಂಬಿತರಿಗೂ ಜೀವ, ಕಾಯಿಲೆ, ಅಪಘಾತದ ಸೌಲಭ್ಯ ಕೊಡುವ ಸಂಘಗಳಿಗೆ ತೆರಿಗೆ ವಿನಾಯಿತಿ ನೀಡುತ್ತದೆ. ಆದರೆ ಸಂಘ ಕೊಡುವ ಎಲ್ಲವೂ ಒಂದೇ ಜಾತಿಯದಲ್ಲ. ಕಂತು ಕಟ್ಟಿ ಪಡೆದ ವಿಮಾ ಪತ್ರ ಒಪ್ಪಂದ. ಸದಸ್ಯತ್ವದ ಜೊತೆ ಬರುವ ಸೌಲಭ್ಯ ಎಷ್ಟೋ ಕಡೆ ಆಡಳಿತ ಮಂಡಳಿಯ ನಿರ್ಣಯ ಮಾತ್ರ, ಅದನ್ನು ಮಂಡಳಿಯೇ ಬದಲಿಸಬಹುದು, ನಿಲ್ಲಿಸಬಹುದು. ಮಗುವಿಗೆ ಯಾವ ವಯಸ್ಸಿನವರೆಗೆ ರಕ್ಷಣೆ, ಪೋಷಕರ ಸದಸ್ಯತ್ವ ತಪ್ಪಿದರೆ ಅದು ಉಳಿಯುತ್ತದೆಯೇ, ಮಗುವನ್ನು ಮೊದಲೇ ನೋಂದಾಯಿಸಿರಬೇಕೇ, ಸಾವಿನ ನಂತರ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು ಎಂಬುದು ಕರಪತ್ರದಲ್ಲಿ ಇಲ್ಲದೆಯೂ ಇರಬಹುದು. ಸಂಘದ ಕಾರ್ಯದರ್ಶಿಯಿಂದ ಮೂಲ ನಿಯಮಾವಳಿಯನ್ನೇ ಕೇಳಿ ಪಡೆಯಬೇಕು. ಕೇಳಿದ ಸದಸ್ಯರಿಗೆ ಅದನ್ನು ಕೊಡದ ಸಂಘವಿದ್ದರೆ, ರಾಜ್ಯದ ವಿಮಾ ಆಯುಕ್ತರ ಕಚೇರಿಗೆ ದೂರು ಕೊಡಬಹುದು. ಈ ಸಂಘಗಳ ಮೇಲೂ ಆ ಕಚೇರಿಯ ಕಣ್ಗಾವಲಿದೆ.