ಆಮೆಯ ತಪ್ಪಲ್ಲ, ನಿಮಿಷಗಳ ಕೊರತೆ

‘ದಿ ರೈಸಿಂಗ್ ಆಫ್ ದಿ ಶೀಲ್ಡ್ ಹೀರೋ’ ಎಂಬ ಜಪಾನಿ ಅನಿಮೆಯ (ಅನಿಮೇಷನ್ ಸರಣಿಯ) ಎರಡನೇ ಸೀಸನ್ ಬಂದು ವರ್ಷಗಳೇ ಆದವು. ಆದರೂ ನನ್ನ ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಚಿತ್ರಗಳಲ್ಲಿ ಯೋಜಿಸುವ ಕೆಲಸ) ತರಗತಿಗೆ ಹೊಸ ಬ್ಯಾಚ್ ಬಂದಾಗಲೆಲ್ಲ ಯಾರಾದರೊಬ್ಬರು ಫೋನ್ ಮುಂದೆ ಹಿಡಿಯುತ್ತಾರೆ. ಆ ಸೀಸನ್ನಿನದೇ ಒಂದು ದೃಶ್ಯ: ಬೆಟ್ಟದಷ್ಟು ದೊಡ್ಡ ಆಮೆ, ಅದರ ಸುತ್ತ ಸೈನ್ಯ, ಆ ಗುಂಪಿನಲ್ಲಿ ಸರಿಯಾಗಿ ಬರೆಯದ ಒಂದು ಮುಖ. “ನೋಡಿ ಮ್ಯಾಮ್, ಬಜೆಟ್ ಇರಲಿಲ್ಲ. ಅದಕ್ಕೇ ಹಾಳಾಯ್ತು.”

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಪ್ರೀತಿಸಿದ ಕಥೆ ಎರಡನೇ ಸಲ ಬಂದಾಗ ಸಪ್ಪೆಯಾದರೆ ನೋವಾಗುತ್ತದೆ, ನನಗೂ ಆಯ್ತು. ಆದರೆ ಕಾರಣವನ್ನು ಅವರು ಹುಡುಕುತ್ತಿರುವ ಜಾಗ ತಪ್ಪು. ಕಥೆ ಹೇಳುವ ಕೆಲಸಕ್ಕೆ ಬಂದವರು ಈ ತಪ್ಪು ಉತ್ತರವನ್ನೇ ತಲೆಯಲ್ಲಿ ಇಟ್ಟುಕೊಂಡರೆ, ನಾಳೆ ತಮ್ಮ ಕೆಲಸದಲ್ಲೂ ಅದೇ ಜಾಗದಲ್ಲಿ ಎಡವುತ್ತಾರೆ.

ಮೊದಲು ಲೆಕ್ಕ ನೋಡೋಣ. ಮೊದಲ ಸೀಸನ್ 2019ರಲ್ಲಿ ಬಂತು, 25 ಎಪಿಸೋಡ್. ಅದರ ಮೊದಲ ಎಪಿಸೋಡಂತೂ ಹೆಚ್ಚುಕಮ್ಮಿ ಎರಡರಷ್ಟು ಉದ್ದ. ಎರಡನೆಯದನ್ನು 2021ರ ಅಕ್ಟೋಬರ್‌ಗೆ ಅಂತ ಹೇಳಿ ಮುಂದಕ್ಕೆ ಹಾಕಿದರು. ಕೊನೆಗೆ 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರಸಾರವಾಯಿತು, 13 ಎಪಿಸೋಡ್. ಒಂದು ಎಪಿಸೋಡ್ ಸುಮಾರು 24 ನಿಮಿಷ. ಶುರುವಿನ ಹಾಡು 90 ಸೆಕೆಂಡ್, ಕೊನೆಯ ಹಾಡು 90 ಸೆಕೆಂಡ್. ಕಥೆಗೆ ಉಳಿಯುವುದು 21 ನಿಮಿಷ. ಅಂದರೆ ಮೊದಲ ಸೀಸನ್‌ಗೆ ಸಿಕ್ಕಿದ್ದು ಒಟ್ಟು ಒಂಬತ್ತು ಗಂಟೆ, ಎರಡನೆಯದಕ್ಕೆ ನಾಲ್ಕೂವರೆ ಗಂಟೆ. ಆ ಒಂಬತ್ತು ಗಂಟೆಯಲ್ಲಿ ಮೂಲ ಕಾದಂಬರಿಯ ಸುಮಾರು ಐದು ಸಂಪುಟ ಮುಗಿದಿದ್ದವು. ಈ ನಾಲ್ಕೂವರೆ ಗಂಟೆಯಲ್ಲಿ ಸುಮಾರು ನಾಲ್ಕು ಸಂಪುಟ ಮುಗಿಸಿದ್ದಾರೆ. ಒಂದು ಸಂಪುಟಕ್ಕೆ ಮೊದಲು ಒಂದೂಮುಕ್ಕಾಲು ಗಂಟೆ ಇತ್ತು. ಈಗ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಈ ಹಂಚಿಕೆ ಒಂದು ಗೆರೆಯೂ ಬರೆಯುವ ಮೊದಲೇ ಆಗುತ್ತದೆ. ಯಾವ ಎಪಿಸೋಡಿನಲ್ಲಿ ಕಥೆ ಎಲ್ಲಿಯವರೆಗೆ ಹೋಗಬೇಕು ಎಂದು ಒಬ್ಬರು ಕೂತು ಬರೆಯುತ್ತಾರೆ. ಆಮೇಲೆ ಸ್ಕ್ರಿಪ್ಟ್, ಆಮೇಲೆ ನಮ್ಮಂಥವರ ಸ್ಟೋರಿಬೋರ್ಡ್, ಅದಾದ ಮೇಲೆ ಚಿತ್ರ. ಅಲ್ಲಿ ಹಂಚಿದ ನಿಮಿಷ ತಪ್ಪಾಗಿದ್ದರೆ ಮುಂದೆ ಎಷ್ಟೇ ಒಳ್ಳೆಯ ಕಲಾವಿದರು ಬಂದರೂ ಸರಿಪಡಿಸೋಕೆ ಆಗಲ್ಲ.

ಬಜೆಟ್ ಅನ್ನುವವರಿಗೆ ನಾನು ಮತ್ತೆ ಮತ್ತೆ ಹೇಳಬೇಕಾದ ಮಾತು ಒಂದೇ. ಈ ಸೀಸನ್ನಿನಲ್ಲಿ ಇಲ್ಲದೆ ಹೋದ ದೃಶ್ಯಗಳು ದುಬಾರಿ ದೃಶ್ಯಗಳಲ್ಲ. ಅತ್ಯಂತ ಅಗ್ಗದ ದೃಶ್ಯಗಳು.

ಸ್ಟೋರಿಬೋರ್ಡ್ ಹಾಳೆಯಲ್ಲಿ ಚಿತ್ರದ ಪಕ್ಕ ಒಂದು ಕಾಲಂ ಇರುತ್ತದೆ, ಸೆಕೆಂಡ್ ಮತ್ತು ಫ್ರೇಮ್ ಬರೆಯೋಕೆ. ಒಂದು ಸೆಕೆಂಡಿಗೆ 24 ಫ್ರೇಮ್. ಇಬ್ಬರು ಬೆಂಕಿಯ ಮುಂದೆ ಕೂತಿದ್ದಾರೆ, ಮೂರು ಸೆಕೆಂಡ್ ಯಾರೂ ಮಾತಾಡಲ್ಲ ಅಂದುಕೊಳ್ಳಿ. 72 ಫ್ರೇಮ್ ಆಯ್ತು. ಅದಕ್ಕೆ ಬೇಕಾಗಿರೋದು ಒಂದು ಹಿನ್ನೆಲೆ, ಎರಡು ಆಕೃತಿ, ಅಲುಗಾಡುವ ಬೆಂಕಿಗೆ ನಾಲ್ಕಾರು ಚಿತ್ರ. ಒಬ್ಬ ಕಲಾವಿದ ಒಂದು ದಿನದಲ್ಲಿ ಮುಗಿಸಬಹುದು. ಅದೇ ಮೂರು ಸೆಕೆಂಡಿನಲ್ಲಿ ಆಮೆಯ ಬೆನ್ನಿನಿಂದ ರಾಕ್ಷಸ ಬಾವಲಿಗಳು ಹಾರಿ ಬರಬೇಕು, ಸೈನ್ಯ ಚದುರಬೇಕು, ಕ್ಯಾಮೆರಾ ತಿರುಗಬೇಕು ಅಂದರೆ ಒಂದು ತಂಡವೇ ಕೂರಬೇಕು. ಮೌನಕ್ಕೆ ದುಡ್ಡು ಬೇಡ, ನಿಮಿಷ ಬೇಕು. ಎರಡನೇ ಸೀಸನ್ನಿನಲ್ಲಿ ದುಡ್ಡು ತಿನ್ನುವ ದೃಶ್ಯಗಳು ತುಂಬಿವೆ. ದುಡ್ಡೇ ಬೇಡದ ದೃಶ್ಯಗಳಿಗೆ ಜಾಗ ಸಿಕ್ಕಿಲ್ಲ.

ಮೊದಲ ಸೀಸನ್ನಿನ ಎರಡನೇ ಎಪಿಸೋಡ್ ನೆನಪಿಸಿಕೊಳ್ಳಿ. ಜಪಾನಿನಿಂದ ಬೇರೊಂದು ಲೋಕಕ್ಕೆ ಕರೆಸಿಕೊಂಡ ನಾಲ್ವರು ವೀರರಲ್ಲಿ ಗುರಾಣಿ ಹಿಡಿದವನು ನಾವೊಫುಮಿ. ಸುಳ್ಳು ಆರೋಪ ಹೊತ್ತು, ಯಾರನ್ನೂ ನಂಬದ ಸ್ಥಿತಿಗೆ ಬಂದ ಅವನು, ತಾನು ಕೊಂಡ ಗುಲಾಮ ಹುಡುಗಿ, ಕೆಮ್ಮುತ್ತಿರುವ ಪುಟ್ಟ ರಫ್ತಾಲಿಯಾಳನ್ನು ಕರೆದುಕೊಂಡು ಹೋಟೆಲಿಗೆ ಹೋಗುತ್ತಾನೆ. ಅವಳು ಪಕ್ಕದ ಮಗುವಿನ ಊಟ ನೋಡುತ್ತಾಳೆ. ಅದರ ಮೇಲೆ ಒಂದು ಪುಟ್ಟ ಬಾವುಟ. ಅವನು ಅದನ್ನೇ ತರಿಸಿಕೊಡುತ್ತಾನೆ. ಯುದ್ಧವಿಲ್ಲ, ಮಾಯಾಮಂತ್ರವಿಲ್ಲ. ರಾತ್ರಿ ಅವಳು ಕೆಟ್ಟ ಕನಸಿನಲ್ಲಿ ಕಿರುಚುತ್ತಾಳೆ, ಅವನು ಸಮಾಧಾನ ಮಾಡುತ್ತಾನೆ. ಇಂಥ ನಿಮಿಷಗಳು ಒಂದರ ಮೇಲೊಂದು ಸೇರುತ್ತವೆ. ಅದಕ್ಕೇ ನಾಲ್ಕನೇ ಎಪಿಸೋಡಿನಲ್ಲಿ ಎಲ್ಲರೂ ಅವನ ವಿರುದ್ಧ ನಿಂತಾಗ, ಅವಳೊಬ್ಬಳು ಅವನನ್ನು ತಬ್ಬಿ ‘ನಾನು ನಂಬುತ್ತೇನೆ’ ಅಂದರೆ ನೋಡುವವರ ಗಂಟಲು ಕಟ್ಟುತ್ತದೆ. ಮೊದಲ ಸೀಸನ್ನಿನ ಬಗ್ಗೆ, ಅದರಲ್ಲೂ ಗುಲಾಮಗಿರಿಯನ್ನು ತೋರಿಸಿದ ರೀತಿಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆದರೆ ಆ ನಿಮಿಷಗಳ ಹಂಚಿಕೆಯಲ್ಲಿ ತಪ್ಪಿಲ್ಲ.

ಈಗ ಓಸ್ತ್ ಕಡೆ ಬನ್ನಿ. ಎರಡನೇ ಸೀಸನ್ನಿನ ಮೊದಲ ಅರ್ಧದ ಹೃದಯ ಅವಳು. ಆ ಆಮೆಯದೇ ಒಂದು ಅಂಶ, ಮನುಷ್ಯರೂಪದಲ್ಲಿ ಬಂದವಳು. ಆಮೆ ಸತ್ತರೆ ಅವಳೂ ಇಲ್ಲ. ಹಾಗಿದ್ದೂ ‘ನನ್ನನ್ನು ಕೊಲ್ಲಿ’ ಅಂತ ತಾನೇ ಬಂದು ಕೇಳುತ್ತಾಳೆ. ಬರವಣಿಗೆಯಲ್ಲಿ ಇದಕ್ಕಿಂತ ದೊಡ್ಡ ಪಾತ್ರ ಬೇಕಾ? ರಫ್ತಾಲಿಯಾಗಿಂತ ಜಾಸ್ತಿ ನೋವು ಇವಳಲ್ಲಿದೆ. ಆದರೆ ನಾವು ಅವಳ ಜೊತೆ ಯಾವಾಗ ಊಟಕ್ಕೆ ಕೂತೆವು? ಅವಳಿಗೆ ಏನು ಇಷ್ಟ, ಯಾವುದಕ್ಕೆ ನಗು ಬರುತ್ತದೆ, ನಮಗೆ ಗೊತ್ತಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಮುಂದಿನ ಯುದ್ಧದ ಮಾಹಿತಿಯೇ ಬರುತ್ತದೆ. ಕೊನೆಗೆ ನಾವೊಫುಮಿ ಅಳುತ್ತಾನೆ, ಕೆವಿನ್ ಪೆಂಕಿನ್ ಅವರ ಸಂಗೀತ ತನ್ನ ಕೈಲಾದಷ್ಟು ಮಾಡುತ್ತದೆ, ನೋಡುವವರು ಮಾತ್ರ ಸುಮ್ನೆ ಕೂತಿರುತ್ತಾರೆ. ಹಿಟ್ಟು ಹುದುಗು ಬರುವ ಮೊದಲೇ ಇಡ್ಲಿ ಹೊಯ್ದರೆ ಒಲೆಯನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಕೆಲಸದಲ್ಲೂ ಇದೇ ನಡೆಯುತ್ತದೆ. ಒಮ್ಮೆ ಮಕ್ಕಳಿಗಾಗಿ ಒಂದು ಜಾನಪದ ಕಥೆ ಮಾಡಿಕೊಡುತ್ತಿದ್ದೆವು. ಅಜ್ಜಿ ಮತ್ತು ಮೊಮ್ಮಗ, ಕಾಡು, ಒಂದು ಹುಲಿ. ಕೆಲಸ ಕೊಟ್ಟವರು ಬೋರ್ಡ್ ನೋಡಿ, ಉದ್ದವಾಯಿತು ಅಂದರು. ಸರಿ, ಯಾವುದನ್ನು ತೆಗೆಯೋಣ ಅಂತ ಕೇಳಿದೆ. ಅಜ್ಜಿ ಮೊಮ್ಮಗನ ತಲೆಗೆ ಎಣ್ಣೆ ಹಚ್ಚುವ ದೃಶ್ಯದ ಮೇಲೆ ಬೆರಳಿಟ್ಟು “ಇಲ್ಲಿ ಏನೂ ನಡೀತಿಲ್ವಲ್ಲ” ಅಂದರು. ಒಳ್ಳೆಯ ಮನುಷ್ಯರು, ಮಕ್ಕಳ ಮೇಲೆ ನಿಜವಾದ ಪ್ರೀತಿ ಇದ್ದವರು. ನಾನು ಹುಲಿಯ ಓಟದಲ್ಲೇ ಅರ್ಧ ಕತ್ತರಿಸಿ ಕೊಟ್ಟೆ. ಅವರಿಗೆ ಸಮಾಧಾನವಾಗಲಿಲ್ಲ. ಮಕ್ಕಳಿಗೆ ತೋರಿಸಿದ ದಿನ, ಅಜ್ಜಿ ಕಾಡಿನಲ್ಲಿ ದಾರಿ ತಪ್ಪಿದ ಕೂಡಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು “ಅಜ್ಜೀ” ಅಂತ ಕೂಗಿದಳು. ಆಮೇಲೆ ಅವರು ಎಣ್ಣೆಯ ದೃಶ್ಯದ ಬಗ್ಗೆ ಮಾತಾಡಲಿಲ್ಲ.

ಏನೂ ನಡೆಯದ ದೃಶ್ಯ ಅನ್ನಿಸುವುದೇ ಮೊದಲು ಕತ್ತರಿಗೆ ಸಿಗುತ್ತದೆ. ಶೀಲ್ಡ್ ಹೀರೋದಲ್ಲೂ ಹಾಗೇ ಆಗಿರಬಹುದು ಎನ್ನುವುದು ನನ್ನ ಊಹೆ, ಊಹೆಯಾಗಿಯೇ ತೆಗೆದುಕೊಳ್ಳಿ.

ಸೀಸನ್ನಿನ ಉಳಿದ ಅರ್ಧಕ್ಕೆ ಇನ್ನೊಂದು ಕಷ್ಟ ಇತ್ತು. ಆಮೆಯನ್ನು ವಶಕ್ಕೆ ತೆಗೆದುಕೊಂಡಿದ್ದ ಖಳ ಕ್ಯೋ ತಪ್ಪಿಸಿಕೊಳ್ಳುತ್ತಾನೆ, ಅವನನ್ನು ಹಿಡಿಯೋಕೆ ನಾವೊಫುಮಿ ಮತ್ತೊಂದು ಲೋಕಕ್ಕೆ ಹೋಗುತ್ತಾನೆ. ಇಸೆಕೈ, ಅಂದರೆ ಬೇರೆ ಲೋಕಕ್ಕೆ ಹೋಗಿ ಬೀಳುವ ಕಥೆ, ಅದರ ಒಳಗೇ ಇನ್ನೊಂದು ಇಸೆಕೈ. ಅಲ್ಲಿ ಅವನ ಲೆವೆಲ್ ಮತ್ತೆ ಒಂದಕ್ಕೆ ಇಳಿಯುತ್ತದೆ, ರಫ್ತಾಲಿಯಾ ಮತ್ತು ಅವನ ಇನ್ನೊಬ್ಬ ಸಂಗಾತಿ ಫಿಲೋ ಬೇರೆ ಬೇರೆ ಕಡೆ ಬೀಳುತ್ತಾರೆ, ಆಯುಧಗಳ ನಿಯಮ ಬೇರೆ, ಅಲ್ಲಿಯ ವೀರಳು ಕಿಜುನಾ ಬೇರೆ. ಒಂದು ಲೋಕವನ್ನು ಪರಿಚಯಿಸೋಕೆ ಮೊದಲ ಸೀಸನ್ 25 ಎಪಿಸೋಡ್ ಬಳಸಿಕೊಂಡಿತ್ತು. ಈ ಹೊಸ ಲೋಕಕ್ಕೆ ಸಿಕ್ಕಿದ್ದು ಒಂದು ಸೀಸನ್ನಿನ ಅರ್ಧ. ನಿಯಮ ವಿವರಿಸೋದರಲ್ಲೇ ನಿಮಿಷ ಕರಗಿಹೋದವು. ರಫ್ತಾಲಿಯಾಳನ್ನು ಕಟಾನಾ (ಜಪಾನಿ ಖಡ್ಗ) ತನ್ನ ಒಡತಿಯಾಗಿ ಆರಿಸಿಕೊಳ್ಳುವುದು ಅವಳ ಬದುಕಿನ ದೊಡ್ಡ ತಿರುವು. ಅದೂ ಓಡುತ್ತಲೇ ಬಂದು ಓಡುತ್ತಲೇ ಹೋಯಿತು.

“ಹಾಗಾದರೆ ಹೊಸ ನಿರ್ದೇಶಕರ ತಪ್ಪಾ?” ಅಂತ ಮುಂದಿನ ಪ್ರಶ್ನೆ ಬರುತ್ತದೆ. ನಿರ್ದೇಶಕರು ಬದಲಾದದ್ದು ನಿಜ. ಮೊದಲ ಸೀಸನ್ ತಕಾವೊ ಆಬೊ ಅವರದು, ಎರಡನೆಯದು ಮಸಾತೊ ಜಿನ್ಬೊ ಅವರದು. ಸ್ಟುಡಿಯೋ ಕಿನೆಮಾ ಸಿಟ್ರಸ್ ಜೊತೆಗೆ ದಕ್ಷಿಣ ಕೊರಿಯಾದ ಡಿಆರ್ ಮೂವಿ ಕೂಡ ಸೇರಿತು. ಆದರೆ ಎರಡೂ ಸೀಸನ್ನಿನ ಕಥಾ ಜೋಡಣೆ, ಅಂದರೆ ಎಪಿಸೋಡುಗಳಿಗೆ ಕಥೆ ಹಂಚುವ ಕೆಲಸ, ಕೇಗೊ ಕೊಯಾನಾಗಿ ಅವರದೇ. ಸಂಗೀತವೂ ಅದೇ ಕೈಯದು. ಅದೇ ಕೈಗಳಿಗೆ ಅರ್ಧ ಸಮಯ ಕೊಟ್ಟರೆ ಏನಾಗುತ್ತದೆ ಅಂತ ಇಲ್ಲಿ ನೋಡುತ್ತಿದ್ದೇವೆ. ನಿರ್ದೇಶಕರ ಪಾಲು ಇಲ್ಲವೇ ಇಲ್ಲ ಅನ್ನುವುದಿಲ್ಲ. ಹೊರಗೆ ಕೂತವರು ಒಬ್ಬ ವ್ಯಕ್ತಿಯ ಹೆಸರು ಹಿಡಿದು ಬೈಯುವುದು ಮಾತ್ರ ನನಗೆ ಹಿಡಿಸದು. 13 ಎಪಿಸೋಡ್ ಎನ್ನುವ ಅಳತೆ ಜಪಾನಿನ ಟಿವಿಯ ಮೂರು ತಿಂಗಳ ವಾರಗಳಿಂದ ಬಂದದ್ದು. ಕಥೆಯ ಅಳತೆ ನೋಡಿ ಯಾರೂ ಅದನ್ನು ಹೊಲಿಸಿಲ್ಲ.

ಆ 13ರಲ್ಲೇ ದಾರಿ ಇರಲಿಲ್ಲವೇ? ನನ್ನ ಕೈಗೆ ಕೊಟ್ಟಿದ್ದರೆ ಆಮೆಯ ಕಥೆಯೊಂದನ್ನೇ ಇಟ್ಟುಕೊಂಡು ಓಸ್ತ್ ಸಾವಿಗೆ ಸೀಸನ್ ಮುಗಿಸುತ್ತಿದ್ದೆ. ಮಾರಾಟದ ದೃಷ್ಟಿಯಿಂದ ಅದು ಕಷ್ಟವೇ ಇರಬಹುದು. ಎರಡನೇ ಮತ್ತು ಮೂರನೇ ಸೀಸನ್‌ಗಳನ್ನು 2019ರಲ್ಲಿ ಒಟ್ಟಿಗೇ ಘೋಷಿಸಿದ್ದರಿಂದ ಕಥೆ ಮುಂದಕ್ಕೆ ಸಾಗಲೇಬೇಕಿತ್ತು.

ಬೇಸರಪಟ್ಟು ಅರ್ಧಕ್ಕೆ ಬಿಟ್ಟವರಿಗೆ ಒಂದು ಮಾತು. 2023ರ ಮೂರನೇ ಸೀಸನ್ 12 ಎಪಿಸೋಡ್ ಅಷ್ಟೇ, ಆದರೂ ಅಲ್ಲಿ ಕಥೆ ಊರಿಗೆ ಮರಳುತ್ತದೆ. ರಫ್ತಾಲಿಯಾಳ ಊರಿನವರನ್ನು ಬಿಡಿಸಿಕೊಳ್ಳುವುದು, ಉಳಿದ ಮೂವರು ವೀರರನ್ನು ಒಬ್ಬೊಬ್ಬರಾಗಿ ತಮ್ಮ ಕಡೆಗೆ ತರುವುದು. ಹೊಸ ಲೋಕ ಕಲಿಸುವ ಹೊರೆ ಇಲ್ಲದ ಕಾರಣ ಸ್ವಲ್ಪ ಉಸಿರಾಡೋಕೆ ಜಾಗವಿದೆ. ಓಸ್ತ್ ಬಗ್ಗೆ ತಿಳಿಯಬೇಕು ಅನ್ನಿಸಿದರೆ ಕಾದಂಬರಿಯ 6 ಮತ್ತು 7ನೇ ಸಂಪುಟ ಓದಿ, ಇಲ್ಲವೇ ಮಂಗಾದಲ್ಲಿ (ಜಪಾನಿ ಕಾಮಿಕ್ಸ್) ಆಮೆಯ ಭಾಗ ನೋಡಿ. ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ.